ಚೈತ್ರದ ಶನಿವಾರ, ಭಾನುವಾರ: ನಾಟಕ, ಕುಣಿತ, ಕರಗದ ಬಗ್ಗೆ ನೀವು ಕೇಳಿದ್ದು

ಯುಗಾದಿ ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಊರಹಬ್ಬದ ಸುತ್ತಲೇ ತಿರುಗುತ್ತವೆ. ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರದ್ದೇ ಜಾಸ್ತಿ. ಸುಗ್ಗಿ ಮುಗಿದು ಮಳೆ ಹಿಡಿಯುವ ಮುಂಚಿನ ಈ ದಿನಗಳಲ್ಲಿ ಎಲ್ಲಾದರೂ ಒಂದು ಜಾತ್ರೆ, ಎಲ್ಲಾದರೂ ಒಂದು ನಾಟಕ ಇದ್ದೇ ಇರುತ್ತದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇಷ್ಟೂ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಕೆಲಸದ ಮೇಲೆ ತುಮಕೂರಿಗೆ ಬಂದು ನೆಲೆಸಿದ್ದೇವೆ. ಶನಿವಾರ, ಭಾನುವಾರ ಇಲ್ಲಿ ಏನು ನಡೆಯುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ಬರೀ ಬೆಂಗಳೂರಿನ ಕಾರ್ಯಕ್ರಮ ತೋರಿಸುತ್ತದೆ. ಎಲ್ಲಿ ವಿಚಾರಿಸಬೇಕು?
– ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ನಮ್ಮ ಕಡೆ ಕಾರ್ಯಕ್ರಮದ ಸುದ್ದಿ ಇನ್ನೂ ಗೋಡೆ ಮೇಲೆ, ಜನರ ಬಾಯಲ್ಲಿ ಓಡಾಡುತ್ತದೆ. ನಗರದೊಳಗಿನದು ಸುಲಭ. ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ಕಟ್ಟಿರುವ ಫ್ಲೆಕ್ಸ್ ನೋಡಿ. ಕನ್ನಡ ಭವನದಲ್ಲಿ ಒಮ್ಮೆ ಕೇಳಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಫೋನ್ ಮಾಡಿ. ಪ್ರಜಾಪ್ರಗತಿಯಂಥ ಸ್ಥಳೀಯ ಪತ್ರಿಕೆಯ ಒಳಪುಟ ತಿರುವಿದರೂ ಸಿಗುತ್ತದೆ.

ಹಳ್ಳಿಯದು ಬೇಕಾದರೆ ದಾರಿ ಬೇರೆ. ನಾಟಕಕ್ಕೆ ಪರದೆ, ಡ್ರೆಸ್, ಕಿರೀಟ ಬಾಡಿಗೆಗೆ ಕೊಡುವ ಡ್ರಾಮಾ ಸೀನರಿಯವರನ್ನು ಪರಿಚಯ ಮಾಡಿಕೊಳ್ಳಿ. ಯಾವ ಊರಲ್ಲಿ, ಯಾವ ರಾತ್ರಿ, ಯಾವ ನಾಟಕ ಅನ್ನುವುದು ಅವರ ಬುಕಿಂಗ್ ಪುಸ್ತಕದಲ್ಲೇ ಇರುತ್ತದೆ, ಯಾಕೆಂದರೆ ಪರದೆ ಹೋಗದೆ ನಾಟಕ ಏಳುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರು ಒಬ್ಬರು ಗೊತ್ತಾದರಂತೂ ನಿಮಗೆ ಇಡೀ ಬೇಸಿಗೆಯ ಪಟ್ಟಿ ಸಿಕ್ಕ ಹಾಗೆಯೇ. ಕರೆಯದೆ ಹೇಗೆ ಹೋಗುವುದು ಅಂತ ಸಂಕೋಚ ಬೇಡ. ಬಯಲಲ್ಲಿ ಹಾಕಿದ ನಾಟಕಕ್ಕೆ ಟಿಕೆಟ್ಟೂ ಇಲ್ಲ, ಬಾಗಿಲೂ ಇಲ್ಲ. ಒಂದು ಜಮಖಾನೆ ತಗೊಂಡು ಹೋಗಿ ಕೂತರೆ ಆಯ್ತು. ಊರವರೇ ಬಂದು ಯಾವೂರಾಯ್ತು ಅಂತ ಮಾತಾಡಿಸುತ್ತಾರೆ, ಊಟ ಆಯ್ತಾ ಅಂತಲೂ ಕೇಳುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರು ಊರ ಹಬ್ಬಕ್ಕೆ ಆಡುವ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾತ್ರ ತಗೊಂಡಿದ್ದಾರೆ. ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿದ್ದಾರೆ. ತಿಂಗಳಾನುಗಟ್ಟಲೆ ಪ್ರಾಕ್ಟೀಸು, ರಾತ್ರಿ ಹನ್ನೊಂದಾದರೂ ಮನೆಗೆ ಬರುವುದಿಲ್ಲ. ಒಂದು ರಾತ್ರಿಯ ವೇಷಕ್ಕೆ ಇಷ್ಟೆಲ್ಲ ಬೇಕಾ?
– ಗೃಹಿಣಿ, ತುರುವೇಕೆರೆ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮೊದಲು ದುಡ್ಡಿನ ಮಾತು. ಸಾಲ ಮಾಡಿ, ಒಡವೆ ಇಟ್ಟು, ಮಕ್ಕಳ ಫೀಸಿಗೆ ಎತ್ತಿಟ್ಟಿದ್ದನ್ನು ತೆಗೆದು ಪಾತ್ರಕ್ಕೆ ಕಟ್ಟಿದ್ದರೆ ಅದು ತಪ್ಪು. ಆ ಮಾತನ್ನು ಅವರಿಗೆ ನೇರವಾಗಿ ಹೇಳಿ. ಮುಂದಿನ ಸಲ ಸಣ್ಣ ಪಾತ್ರ ತಗೊಳ್ಳಲಿ. ದುರ್ಯೋಧನ, ಕೃಷ್ಣ, ಕರ್ಣನ ಪಾತ್ರಗಳಿಗೆ ಜಾಸ್ತಿ ಕಟ್ಟಬೇಕು, ಚಿಕ್ಕ ಪಾತ್ರಕ್ಕೆ ಕಡಿಮೆ, ಅದು ಎಲ್ಲ ಊರಲ್ಲೂ ಇರುವ ಲೆಕ್ಕ.

ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಿ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ತಬಲದವರು, ಸೀನರಿ, ಡ್ರೆಸ್ಸು, ಬಣ್ಣ ಹಚ್ಚುವವರು, ಮೈಕು, ಲೈಟು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ. ಟಿಕೆಟ್ ಇಲ್ಲದ ನಾಟಕ ಇದು. ನೋಡುವವರು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಆಡುವವರೇ ಖರ್ಚು ಹಂಚಿಕೊಂಡು ಊರಿಗೆಲ್ಲ ನಾಟಕ ತೋರಿಸುತ್ತಾರೆ. ಇಡೀ ವರ್ಷ ತೋಟ, ಡೈರಿ, ಅಂಗಡಿ ಅಂತ ದುಡಿದವರು ಸೇರಿ ಊರಿಗೆ ಕೊಡುವ ಒಂದು ರಾತ್ರಿ ಅದು. ಅದಕ್ಕೆ ಬೆಲೆ ಇದೆ ಅಂತಲೇ ನಾನು ನಂಬುತ್ತೇನೆ.

ನೀವು ಒಂದು ಕೆಲಸ ಮಾಡಿ. ಒಂದು ದಿನ ಪ್ರಾಕ್ಟೀಸಿಗೆ ಹೋಗಿ ದೇವಸ್ಥಾನದ ಜಗಲಿ ಮೇಲೆ ಸುಮ್ನೆ ಕೂತು ನೋಡಿ. ಮೇಷ್ಟ್ರು ಒಂದು ಕಂದ ಪದ್ಯವನ್ನು ತುಂಡು ತುಂಡು ಮಾಡಿ ಹೇಳಿಕೊಡುತ್ತಾರೆ. ಶ್ರುತಿ ಹಿಡಿದು ಒಂದು ಸಾಲು ಹಾಡುತ್ತಾರೆ, ನಿಮ್ಮವರು ಹಿಂದೆ ಹಾಡುತ್ತಾರೆ, ಸ್ವರ ಜಾರುತ್ತದೆ, ಮೇಷ್ಟ್ರು ಬಾಯಲ್ಲಿ ಏನೂ ಹೇಳದೆ ಹಾರ್ಮೋನಿಯಂನ ಅದೇ ಮನೆಯನ್ನು ಮತ್ತೆ ಮತ್ತೆ ಒತ್ತಿ ತೋರಿಸುತ್ತಾರೆ, ಸರಿ ಬರುವವರೆಗೂ ಮುಂದಿನ ಸಾಲಿಗೆ ಹೋಗುವುದಿಲ್ಲ. ಪುಸ್ತಕ ಹಿಡಿದು ಎಷ್ಟೋ ವರ್ಷ ಆದವರು ಹಳಗನ್ನಡದ ಛಾಯೆಯ ಪದ್ಯಗಳನ್ನು ಹೀಗೆ ಬಾಯಿಪಾಠ ಮಾಡುತ್ತಾರೆ. ಬೇರೆ ಯಾವ ಶಾಲೆಯೂ ನಲವತ್ತು ದಾಟಿದ ರೈತನಿಗೆ ರಾಗ ಹೇಳಿಕೊಡಲು ಬಾಗಿಲು ತೆಗೆದು ಕೂತಿಲ್ಲ.

ನಿಮ್ಮ ಪಕ್ಕದ ತಾಲ್ಲೂಕು ಗುಬ್ಬಿ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು ಅಲ್ಲಿ. ಚಿಕ್ಕ ಹುಡುಗನಾಗಿ ಕಂಪನಿ ಸೇರಿದ ವೀರಣ್ಣನವರು ಅದನ್ನು ದಕ್ಷಿಣ ಭಾರತದಲ್ಲೆಲ್ಲ ಹೆಸರಾಗುವ ಹಾಗೆ ಬೆಳೆಸಿದರು. ಅವರ ಕುರುಕ್ಷೇತ್ರದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗದ ಮೇಲೆ ಬರುತ್ತಿದ್ದವು. ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು, ಬಿ.ವಿ. ಕಾರಂತ ಇವರೆಲ್ಲ ಆ ಕಂಪನಿಯಲ್ಲಿ ಪಳಗಿದವರು. ಕಂಪನಿಗಳ ಕಾಲ ಮುಗಿಯಿತು, ನಾಟಕದ ಹುಚ್ಚು ಮಾತ್ರ ನಿಮ್ಮ ತಾಲ್ಲೂಕುಗಳ ಹಳ್ಳಿಗಳಲ್ಲಿ ಉಳಿದುಕೊಂಡಿತು. ನಿಮ್ಮ ಮನೆಗೆ ಬಂದಿರುವುದು ಆ ಹುಚ್ಚೇ.

ಸಂಘದವರಿಗೆ ನನ್ನದೊಂದು ಮಾತು ತಲುಪಿಸಿ. ನಾಟಕದ ಮಧ್ಯೆ ಪರದೆ ಬಿಟ್ಟು ಸನ್ಮಾನ, ಭಾಷಣ, ಹಾರ ತುರಾಯಿ ಮಾಡಬೇಡಿ. ಏನಿದ್ದರೂ ಮೊದಲೇ ಮುಗಿಸಿ. ಕರ್ಣನಿಗೂ ಕುಂತಿಗೂ ಮಾತು ನಡೆಯುತ್ತಿರುವಾಗ ಪಂಚಾಯ್ತಿ ಸದಸ್ಯರಿಗೆ ಶಾಲು ಹೊದಿಸಿದರೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತವರು ಎದ್ದು ಹೋಗುತ್ತಾರೆ. ಮತ್ತೆ ಬರುವುದಿಲ್ಲ.

ಇನ್ನೊಂದು ನಿಮಗೇ ಹೇಳುವುದು. ದುರ್ಯೋಧನ ಗದೆ ಹೊತ್ತು ದರ್ಬಾರಿಗೆ ಬರುವಾಗ ಮೈದಾನ ತುಂಬಿರುತ್ತದೆ, ಶಿಳ್ಳೆ ಬೀಳುತ್ತದೆ. ಗದಾಯುದ್ಧ ಬರುವುದು ಬೆಳಗಿನ ಜಾವ. ಆ ಪಾತ್ರದ ನಿಜವಾದ ಕಷ್ಟ ಇರುವುದೇ ಅಲ್ಲಿ, ಎಲ್ಲರನ್ನೂ ಕಳೆದುಕೊಂಡವನ ಪದ್ಯಗಳಿರುವುದು ಅಲ್ಲಿ, ಅಷ್ಟೊತ್ತಿಗೆ ಕುರ್ಚಿಗಳೆಲ್ಲ ಖಾಲಿ. ನೀವು, ಮಕ್ಕಳು, ನಿಮ್ಮ ತವರಿನವರು ಆಗ ಮುಂದಿನ ಸಾಲಿನಲ್ಲಿ ಇರಿ. ಸಂಜೆ ಒಂದು ನಿದ್ದೆ ಮಾಡಿಕೊಂಡೇ ಹೋಗಿ.

ಪ್ರಶ್ನೆ: ಮಗಳಿಗೆ ಪಬ್ಲಿಕ್ ಪರೀಕ್ಷೆ. ಮನೆ ಎದುರಿನ ಮೈದಾನದಲ್ಲಿ ರಾತ್ರಿಯಿಡೀ ಮೈಕು. ದೂರು ಕೊಟ್ಟರೆ ಊರಿಗೇ ವೈರಿಯಾಗುತ್ತೇನೆ. ಏನು ಮಾಡಲಿ?
– ತಂದೆ, ಶಿರಾ

ಉತ್ತರ: ಮಗಳ ಪರೀಕ್ಷೆ ಮೊದಲು. ಕಲೆಯ ಪರವಾಗಿ ಬರೆಯುವ ನಾನೇ ಇದನ್ನು ಹೇಳುತ್ತಿದ್ದೇನೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ ಒಟ್ಟು 15 ದಿನ ಮೀರದ ಹಾಗೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ಮನೆಗಳಿರುವ ಕಡೆ ರಾತ್ರಿಯ ಮಿತಿ 45 ಡೆಸಿಬೆಲ್. ಮುಚ್ಚಿದ ಸಭಾಂಗಣದೊಳಗೆ, ಒಳಗಿನವರಿಗೆ ಮಾತ್ರ ಕೇಳುವಂತೆ ಹಾಕಿದರೆ ಈ ಗಂಟೆಯ ನಿರ್ಬಂಧ ಇಲ್ಲ.

ಪೊಲೀಸ್ ಠಾಣೆಗೆ ಹೋಗುವ ಮುಂಚೆ ಸಂಘದವರ ಹತ್ತಿರ ಹಗಲಲ್ಲೇ ಹೋಗಿ ಮಾತಾಡಿ, ಅದೇ ಬೀದಿಯ ಇನ್ನೂ ನಾಲ್ಕು ಮಕ್ಕಳ ಅಪ್ಪ ಅಮ್ಮಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಂಬಕ್ಕೆ ಕಟ್ಟಿದ ಹಾರ್ನ್ ತೆಗೆದು, ಪ್ರೇಕ್ಷಕರ ಕಡೆಗೆ ಮುಖ ಮಾಡಿದ ಎರಡು ಬಾಕ್ಸ್ ಇಟ್ಟರೂ ನಾಟಕ ಚೆನ್ನಾಗಿ ಕೇಳುತ್ತದೆ. ಮಧ್ಯಾಹ್ನವೇ ಶುರು ಮಾಡಿ ರಾತ್ರಿ ಊಟದ ಹೊತ್ತಿಗೆ ಮುಗಿಸುವ ತಂಡಗಳೂ ಈಗ ಇವೆ. ಅದಕ್ಕೂ ಒಪ್ಪದಿದ್ದರೆ ದೂರು ಕೊಡಿ. ಅದು ನಿಮ್ಮ ಹಕ್ಕು, ಅದಕ್ಕೆ ಯಾರ ಎದುರೂ ತಲೆ ತಗ್ಗಿಸಬೇಕಿಲ್ಲ. ಮೇಲಿನ ಪತ್ರದ ನಾಟಕದ ಸಂಘದವರೂ ಇದನ್ನು ಓದಲಿ: ಅನುಮತಿ ಮೊದಲೇ ತಗೊಳ್ಳಿ, ಪರೀಕ್ಷೆ ಮುಗಿದ ಮೇಲಿನ ದಿನ ನೋಡಿ.

ಪ್ರಶ್ನೆ: ಯಕ್ಷಗಾನ ಅಂದ ಕೂಡಲೇ ನಮ್ಮ ಶಾಲೆಯ ಮಕ್ಕಳು ಕರಾವಳಿಯದು ಅನ್ನುತ್ತಾರೆ. ನಮ್ಮ ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯ ತೋರಿಸೋಣ ಅಂತ ಕರೆದುಕೊಂಡು ಹೋದರೆ ಅರ್ಧಕ್ಕೇ ಬೇಸರ ಅಂದರು. ಹೇಗೆ ಹೇಳಿಕೊಡಲಿ?
– ಶಿಕ್ಷಕಿ, ತಿಪಟೂರು

ಉತ್ತರ: ಕರಾವಳಿಯ ಆಟದ ಜೊತೆ ಹೋಲಿಸಿ ತೋರಿಸಬೇಡಿ ಮೇಡಂ. ಅಲ್ಲಿ ವೃತ್ತಿಮೇಳಗಳಿವೆ, ಪ್ರತಿ ರಾತ್ರಿ ಆಡಿ ಆಡಿ ಹದಗೊಂಡ ಕಲಾವಿದರಿದ್ದಾರೆ. ಮೂಡಲಪಾಯದಲ್ಲಿ ವೇಷ ಕಟ್ಟುವವರು ಬೇಸಾಯದವರು. ಸುಗ್ಗಿ ಮುಗಿದ ಮೇಲೆ ಭಾಗವತರ ಹತ್ತಿರ ಕಲಿತು ಆಡುತ್ತಾರೆ. ಕರಾವಳಿಯ ಚೆಂಡೆಯ ಅಬ್ಬರ ಇಲ್ಲಿಲ್ಲ. ಮದ್ದಳೆ, ತಾಳ, ಅದರ ಜೊತೆಗೆ ಮುಖವೀಣೆ. ಆ ಮುಖವೀಣೆಯಿಂದಲೇ ಶುರು ಮಾಡಿ. ನೋಡಲು ಗೇಣುದ್ದದ ಪುಟ್ಟ ಓಲಗದ ಹಾಗಿರುತ್ತದೆ, ಧ್ವನಿ ಮಾತ್ರ ಊರಾಚೆಗೂ ಕೇಳುತ್ತದೆ. ಊದುವವರ ಕೆನ್ನೆ ನೋಡಲು ಮಕ್ಕಳಿಗೆ ಹೇಳಿ. ಒಂದೇ ಉಸಿರಲ್ಲಿ ಊದುತ್ತಿದ್ದಾರೇನೋ ಅನ್ನಿಸುತ್ತದೆ. ಅವರು ಕೆನ್ನೆಯೊಳಗೆ ಗಾಳಿ ತುಂಬಿಟ್ಟುಕೊಂಡು, ಅದನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುತ್ತಿರುತ್ತಾರೆ. ಇದನ್ನು ಒಮ್ಮೆ ಕಂಡ ಮಗು ಮರೆಯುವುದಿಲ್ಲ.

ಆಟಕ್ಕೆ ಕರೆದುಕೊಂಡು ಹೋಗುವ ಮುಂಚೆ ಕಥೆ ಹೇಳಿ. ಕರಿಭಂಟನ ಕಥೆ ಗೊತ್ತಿರುವ ಮಗು ರಾಕ್ಷಸಿ ಯಾವಾಗ ಬರುತ್ತಾಳೆ ಅಂತ ಕಾಯುತ್ತದೆ, ಗೊತ್ತಿಲ್ಲದ ಮಗುವಿಗೆ ನಿದ್ದೆ ಬರುತ್ತದೆ. ಆಟ ಶುರುವಾಗುವ ಮುಂಚೆ ಬಣ್ಣದ ಮನೆಗೂ ಒಮ್ಮೆ ಕರೆದುಕೊಂಡು ಹೋಗಿ. ಭುಜಕೀರ್ತಿ, ಎದೆಕಟ್ಟು, ಕಿರೀಟ ಒಂದೊಂದಾಗಿ ಏರುತ್ತಾ ಬೆಳಿಗ್ಗೆ ಹಾಲು ಹಾಕಿ ಹೋದ ಮಾವ ರಾಜನಾಗುವುದನ್ನು ಅವರು ನೋಡಲಿ. ಭಾಗವತರನ್ನು ಶಾಲೆಗೇ ಕರೆಸಿ ನಾಲ್ಕು ಹೆಜ್ಜೆ ಕಲಿಸಿದರೆ ಇನ್ನೂ ಒಳ್ಳೆಯದು. ದೊಡ್ಡ ಮಕ್ಕಳಾದರೆ ಜೀ.ಶಂ. ಪರಮಶಿವಯ್ಯನವರ ಹೆಸರು ಹೇಳಿ. ಹಳ್ಳಿ ಹಳ್ಳಿ ತಿರುಗಿ ನಮ್ಮ ಸೀಮೆಯ ಆಟ, ಪದ, ಕಥೆಗಳನ್ನು ಬರೆದಿಟ್ಟವರು ಅವರು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೇಳಿಕೆ ಅನ್ನುವ ಆಟವೂ ಇದೇ ಬಳಗದ್ದು, ಅಲ್ಲಿಯ ಶಿಕ್ಷಕರೂ ಹೀಗೆ ಮಾಡಬಹುದು.

ಪ್ರಶ್ನೆ: ಸೋಮನ ಕುಣಿತದ ಫೋಟೋ ತೆಗೆಯಲು ಹೋಗಬೇಕೆಂದಿದ್ದೇನೆ. ತೆಗೆಯಲು ಬಿಡುತ್ತಾರಾ?
– ವಿದ್ಯಾರ್ಥಿ, ತುಮಕೂರು

ಉತ್ತರ: ಕೇಳಿದರೆ ಸಾಮಾನ್ಯವಾಗಿ ಬಿಡುತ್ತಾರೆ. ಕೇಳದೆ ಮುಖದ ಹತ್ತಿರ ಕ್ಯಾಮೆರಾ ಹಿಡಿದರೆ ಬೈಸಿಕೊಳ್ಳುತ್ತೀಯ, ಬೈಸಿಕೊಳ್ಳಬೇಕಾದದ್ದೇ. ಕುಣಿಯುವವರು ತೊಡುವ ಮರದ ಮುಖವಾಡವೇ ಸೋಮ, ಅವನು ಊರಮ್ಮನ ಕಾವಲುಗಾರ. ಪೂಜೆಯಾದ ಮೇಲೆಯೇ ಅದು ಮುಖಕ್ಕೆ ಏರುವುದು. ಸೋಮನ ಸ್ವಭಾವ ಮುಖವಾಡದ ಬಣ್ಣದಲ್ಲೇ ಗೊತ್ತಾಗುತ್ತದೆ ಅನ್ನುವ ನಂಬಿಕೆ ಇದೆ. ಯುಗಾದಿ ಕಳೆದ ಮೇಲೆ ಎರಡು ತಿಂಗಳು ಅಮ್ಮನ ಹಬ್ಬಗಳಲ್ಲಿ ನೋಡಲು ಸಿಗುತ್ತದೆ. ಕುಣಿಯುವವರು ಆ ದಿನ ಉಪವಾಸ ಇರಬಹುದು, ಮೈಮೇಲೆ ಬರಬಹುದು. ಫ್ಲ್ಯಾಶ್ ಹಾಕಬೇಡ, ದಾರಿಗೆ ಅಡ್ಡ ನಿಲ್ಲಬೇಡ, ಚಪ್ಪಲಿ ದೂರ ಬಿಡು. ತೆಗೆದ ಫೋಟೋಗಳಲ್ಲಿ ಒಳ್ಳೆಯದನ್ನು ಪ್ರಿಂಟ್ ಹಾಕಿಸಿ, ಕುಣಿದವರ ಮನೆಗೆ ಹೋಗಿ ಕೊಟ್ಟು ಬಾ. ಎಷ್ಟೋ ಜನ ಬಂದು ತೆಗೆದುಕೊಂಡು ಹೋಗುತ್ತಾರೆ, ತಂದು ಕೊಡುವವರು ಕಡಿಮೆ.

ಪ್ರಶ್ನೆ: ಎಂಟು ವರ್ಷದ ಮಗ, ಐದು ವರ್ಷದ ಮಗಳು. ಕೋಲಾರದ ಕಡೆ ಕರಗಕ್ಕೆ ಕರೆದುಕೊಂಡು ಹೋಗಬಹುದಾ?
– ತಾಯಿ, ಬಂಗಾರಪೇಟೆ

ಉತ್ತರ: ಖಂಡಿತ ಹೋಗಿ. ಆದರೆ ನೂಕುನುಗ್ಗಲಿನ ಜಾಗ ಬೇಡ. ಚೈತ್ರ, ವೈಶಾಖದಲ್ಲಿ ಕೋಲಾರ, ಮಾಲೂರು ಕಡೆ ಒಂದೊಂದು ಊರಲ್ಲಿ ಒಂದೊಂದು ದಿನ ಕರಗ ಇರುತ್ತದೆ, ಹಾಗಾಗಿ ದೊಡ್ಡ ಪೇಟೆಯದೇ ಆಗಬೇಕೆಂದಿಲ್ಲ, ಸಣ್ಣ ಊರಿನದನ್ನು ಆರಿಸಿಕೊಂಡರೆ ಮಕ್ಕಳಿಗೆ ಕಾಣುತ್ತದೆ. ಕರಗ ಹೊರಡುವುದು ತಡರಾತ್ರಿ. ಮೆರವಣಿಗೆ ಹಾದುಹೋಗುವ ಬೀದಿಯಲ್ಲಿ ಯಾರದಾದರೂ ಮನೆಯ ಜಗಲಿ ಸಿಕ್ಕರೆ ಅಲ್ಲೇ ಮಲಗಿಸಿ, ಬಂದಾಗ ಎಬ್ಬಿಸಿ. ಪಟಾಕಿ ಜಾಸ್ತಿ, ಚಿಕ್ಕವಳ ಕಿವಿಗೆ ಹತ್ತಿ ಇಡಿ.

ಮಕ್ಕಳಿಗೆ ಹೇಳಬೇಕಾದದ್ದು ಇಷ್ಟು. ಹೂವಿನಿಂದ ಸಿಂಗರಿಸಿ ತಲೆ ಮೇಲೆ ಹೊರುವ ಆ ಕರಗವೇ ದ್ರೌಪದಮ್ಮ. ಹೊರುವವರು ಗಂಡಸೇ ಆದರೂ ಆ ರಾತ್ರಿ ಅಮ್ಮನ ಹಾಗೆ ಸೀರೆ, ಬಳೆ, ಮಲ್ಲಿಗೆ ತೊಟ್ಟು ವ್ರತದಲ್ಲಿ ಇರುತ್ತಾರೆ. ತಲೆ ಮೇಲಿನ ಕರಗವನ್ನು ಕೈಯಲ್ಲಿ ಹಿಡಿಯುವುದಿಲ್ಲ. ಕತ್ತಿ ಹಿಡಿದು ಜೊತೆಯಲ್ಲಿ ನಡೆಯುವವರು ವೀರಕುಮಾರರು. ಕೆಲವು ಊರಲ್ಲಿ ಹೂವಿನ ಕರಗದ ಬೇರೆ ದಿನ ಒನಕೆ ಕರಗ ಇರುತ್ತದೆ. ನನ್ನ ಪ್ರಕಾರ ಮಕ್ಕಳಿಗೆ ಅದೇ ಜಾಸ್ತಿ ಇಷ್ಟವಾಗುವುದು, ಬೆಳಕೂ ಇರುತ್ತದೆ. ಅಗ್ನಿಕುಂಡದ ಹತ್ತಿರ ಮಾತ್ರ ಮಕ್ಕಳು ಬೇಡ.

ಪ್ರಶ್ನೆ: ಆದಿಮದ ಹುಣ್ಣಿಮೆ ಹಾಡಿಗೆ ಯಾರು ಬೇಕಾದರೂ ಹೋಗಬಹುದಾ?
– ಕಾಲೇಜು ಹುಡುಗ, ಮುಳಬಾಗಿಲು

ಉತ್ತರ: ಹೋಗಬಹುದು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಲೇಖಕ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಜಾಗ ಅದು. ಬಂಡೆಗಳ ನಡುವೆ, ಹುಣ್ಣಿಮೆ ರಾತ್ರಿ ಹಾಡು, ನಾಟಕ, ಮಾತು. ಬೆಟ್ಟದ ಮೇಲೆ ರಾತ್ರಿ ಗಾಳಿ ಬೀಸುತ್ತದೆ, ಹೊದೆಯಲು ಏನಾದರೂ ಇರಲಿ. ಆ ತಿಂಗಳ ಕಾರ್ಯಕ್ರಮ ಏನು ಅಂತ ವಿಚಾರಿಸಿ ಹೊರಡು. ವಾಪಸ್ ಬಸ್ಸಿನ ಏರ್ಪಾಟೂ ನೋಡಿಕೋ.

ಪ್ರಶ್ನೆ: ನಮ್ಮ ಕಡೆ ಪೌರಾಣಿಕ ನಾಟಕ ತೆಲುಗಿನಲ್ಲಿ ಆಡುತ್ತಾರೆ. ಕನ್ನಡ ನಾಡಿನಲ್ಲಿ ಇದು ಸರೀನಾ?
– ಓದುಗ, ಬಾಗೇಪಲ್ಲಿ

ಉತ್ತರ: ಸರಿಯೇ. ಗಡಿಯ ಜನ ಎರಡೂ ನುಡಿಯಲ್ಲಿ ಬದುಕುತ್ತಾರೆ. ಸಂತ ಕೈವಾರ ತಾತಯ್ಯನವರು ಎರಡರಲ್ಲೂ ಹಾಡಿದರು, ಅವರನ್ನು ಯಾರಾದರೂ ಹೊರಗಿನವರು ಅಂದಿದ್ದಾರಾ? ಕನ್ನಡ ನಾಟಕ ಕಡಿಮೆಯಾಯಿತು ಅನ್ನಿಸಿದರೆ ನೀವು ನಾಲ್ಕು ಜನ ಸೇರಿ ಒಂದು ಕನ್ನಡ ನಾಟಕ ಎತ್ತಿ. ತೆಲುಗಿನದಕ್ಕೂ ಹೋಗಿ ಕೂತುಕೊಳ್ಳಿ.

ಪ್ರಶ್ನೆ: ಏಪ್ರಿಲ್‌ನ ಒಂದು ಭಾನುವಾರ ಮಕ್ಕಳಿಗೆ ಜಾತ್ರೆಯೂ ಆಗಬೇಕು, ಇತಿಹಾಸವೂ ಆಗಬೇಕು. ಎಲ್ಲಿಗೆ ಹೋಗೋಣ?
– ನಿವೃತ್ತ ಮೇಷ್ಟ್ರು, ಗೌರಿಬಿದನೂರು

ಉತ್ತರ: ನಿಮ್ಮ ಊರ ಪಕ್ಕದ ವಿದುರಾಶ್ವತ್ಥಕ್ಕೇ ಹೋಗಿ ಸರ್. 1938ರ ಏಪ್ರಿಲ್ 25ರಂದು ಅಲ್ಲಿ ಗುಂಡು ಹಾರಿದ್ದು ಜಾತ್ರೆಯ ಹೊತ್ತಿನಲ್ಲೇ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸುವುದಕ್ಕೆ ತಡೆ ಇತ್ತು. ಅದೇ ತಿಂಗಳು ಮದ್ದೂರಿನ ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮುಂದೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಮಿರ್ಜಾ–ಪಟೇಲ್ ಒಪ್ಪಂದವಾಗಿ ಬಾವುಟಕ್ಕೆ ದಾರಿ ಸಿಕ್ಕಿತು. ಅಲ್ಲಿರುವ ಸ್ಮಾರಕ, ಚಿತ್ರಗಳನ್ನು ತೋರಿಸಿ, ಆಮೇಲೆ ಅಶ್ವತ್ಥ ಕಟ್ಟೆಯ ನಾಗರಕಲ್ಲುಗಳ ನಡುವೆ ಕೂತು ಬುತ್ತಿ ಬಿಚ್ಚಿ. ತೇರಿಗೆ, ಹರಕೆಗೆ ಬಂದ ಜನರ ನಡುವೆಯೇ ಚಳವಳಿ ಬೆಳೆಯಿತು ಅನ್ನುವುದನ್ನು ಅಲ್ಲಿ ನಿಂತು ಹೇಳಿದರೆ ಮಕ್ಕಳಿಗೆ ತಾನಾಗೇ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ಯುಗಾದಿ ಕಾರ್ಯಕ್ರಮಕ್ಕೆ ತಮಟೆಯವರನ್ನು ಕರೆಸುವ ಯೋಚನೆ ಇದೆ. ಅವಕಾಶ ಕೊಡುತ್ತಿದ್ದೇವೆ, ಊಟ ಹಾಕುತ್ತೇವೆ, ಅಷ್ಟು ಸಾಕಲ್ವಾ ಅಂತ ಕಮಿಟಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ನೀವೇನಂತೀರಿ?
– ಬಡಾವಣೆ ನಿವಾಸಿ, ಚಿಕ್ಕಬಳ್ಳಾಪುರ

ಉತ್ತರ: ಸಾಕಾಗುವುದಿಲ್ಲ. ಶಾಮಿಯಾನದವರಿಗೆ, ಮೈಕಿನವರಿಗೆ ಊಟ ಹಾಕಿ ಕಳಿಸುತ್ತೀರಾ? ಇಲ್ಲ ಅಲ್ವಾ. ಹಾಗಿದ್ದಮೇಲೆ ತಮಟೆಯವರಿಗೆ ಮಾತ್ರ ಯಾಕೆ?

ನಿಮ್ಮ ಜಿಲ್ಲೆಯವರೇ ಆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಅದೂ ತಮಟೆ ವಾದನಕ್ಕೆ. ಅದು ಬರುವುದಕ್ಕೆ ಎಷ್ಟು ತಲೆಮಾರು ಬೇಕಾಯಿತು ನೋಡಿ. ಸಾವಿಗೂ, ಸಾರುವುದಕ್ಕೂ, ದೇವರ ಮುಂದೆಯೂ ಬಡಿಯಿರಿ ಅಂತ ಒಂದೇ ಕೇರಿಯವರಿಗೆ ಕಟ್ಟಳೆ ಮಾಡಿ, ದೇವಸ್ಥಾನದೊಳಗೆ ಮಾತ್ರ ಬರಬೇಡಿ ಅಂದ ಊರುಗಳು ನಮ್ಮವು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಊಟ ಹಾಕುತ್ತೇವೆ ಅನ್ನುವ ಮಾತು ಕೇಳಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಕೆಲಸದ ದೃಷ್ಟಿಯಿಂದಲೂ ನೋಡಿ. ಚರ್ಮದ ತಮಟೆಯಾದರೆ ಬಡಿಯುವ ಮುಂಚೆ ಹುಲ್ಲು, ಕಾಗದ ಉರಿಸಿ ಕಾಯಿಸಬೇಕು. ಬಿಸಿಗೆ ಚರ್ಮ ಬಿಗಿಯಾಗುತ್ತದೆ, ಬೆರಳಲ್ಲಿ ತಟ್ಟಿ ನಾದ ನೋಡುತ್ತಾರೆ, ಸಾಲದಿದ್ದರೆ ಮತ್ತೆ ಉರಿ ಹತ್ತಿರ ತಿರುಗಿಸುತ್ತಾರೆ. ಅರ್ಧ ಗಂಟೆ ಕುಣಿದು ಬಡಿದ ಮೇಲೆ ನಾದ ಇಳಿದರೆ ಇನ್ನೊಮ್ಮೆ. ಇತ್ತೀಚೆಗೆ ಫೈಬರ್ ತಮಟೆ ಬಂದಿದೆ, ಕಾಯಿಸುವ ಕೆಲಸ ಇಲ್ಲ. ಚರ್ಮದ ನಾದವೇ ಬೇಕು ಅಂತ ನೀವು ಕೇಳಿದರೆ ಬೆಂಕಿ ಹಾಕಲು ಜಾಗ, ನಡುವೆ ಬಿಡುವು ಎರಡನ್ನೂ ಕೊಡಬೇಕು. ಏಪ್ರಿಲ್ ಬಿಸಿಲಲ್ಲಿ ಕಾದ ಟಾರು ರಸ್ತೆ ಮೇಲೆ ಬರಿಗಾಲಲ್ಲಿ ಕುಣಿಸಬೇಡಿ. ಮೆರವಣಿಗೆ ಇದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ.

ದುಡ್ಡು ಎಷ್ಟು ಅಂತ ಅವರನ್ನೇ ಕೇಳಿ. ಚೌಕಾಸಿ ಬೇಡ. ಎಷ್ಟು ಜನ ಬರುತ್ತಾರೋ ಅಷ್ಟೂ ಜನರ ಆ ದಿನದ ಕೂಲಿ ತಪ್ಪುತ್ತದೆ ಅನ್ನುವುದು ಲೆಕ್ಕದಲ್ಲಿರಲಿ. ಗಾಡಿ ಬಾಡಿಗೆ ಬೇರೆ ಕೊಡಿ. ಅರ್ಧ ಮುಂಗಡ, ಉಳಿದದ್ದು ಕಾರ್ಯಕ್ರಮ ಮುಗಿದ ಕೂಡಲೇ, ನಾಳೆ ಬನ್ನಿ ಅನ್ನಬೇಡಿ. ಕರಪತ್ರದಲ್ಲಿ ಅತಿಥಿಗಳ ಹೆಸರಿನಷ್ಟೇ ದೊಡ್ಡದಾಗಿ ತಂಡದ ಹೆಸರು ಹಾಕಿಸಿ. ಊಟಕ್ಕೆ ನಿಮ್ಮ ಪಂಕ್ತಿಯಲ್ಲೇ ಎಲೆ ಹಾಕಿ, ಒಬ್ಬಟ್ಟು ಬಡಿಸುವಾಗ ಕಮಿಟಿಯವರೇ ಬಡಿಸಲಿ.